ನೆರೆಮನೆಯ ಗದ್ದಲ

೧೯೩೫ರಲ್ಲಿ ಮೈಸೂರಿನ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದ ಕಾಲದಲ್ಲಿ, ಮಿಂಚಿನಿಂದೇಳುವ ಗರಗರಕ್ಕೆ ಕೇಳುಗನು ಯಾರನ್ನೂ ದೂರುವಂತಿರಲಿಲ್ಲ. ಈಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟದ ಮನೆಗಳಲ್ಲಿ ಬಾನುಲಿಯನ್ನು ಕೆಡಿಸುವುದು ಬಹುಮಟ್ಟಿಗೆ ಮನುಷ್ಯನೇ ಹುಟ್ಟಿಸಿದ ಸದ್ದು: ಅಗ್ಗದ ಎಲ್‌ಇಡಿ ದೀಪ, ಮಿಕ್ಸಿಯ ಬ್ರಷ್ಷಿನ ಕಿಡಿ, ಪಂಪಿನ ಸ್ಟಾರ್ಟರಿನಲ್ಲಿ ಸಡಿಲಗೊಂಡ ತಂತಿ. ಇಲ್ಲಿ ದೂರಬಹುದೆ?

ದೀಪ ಹಚ್ಚಿದವನಿಗೆ ಬೆಳಕು ಕಾಣುತ್ತದೆ. ಗದ್ದಲ ಕೇಳಿಸುವುದು ನೆರೆಯವನಿಗೆ. ಅರಿಯದೆ ಮಾಡಿದುದು ಅಪರಾಧವಲ್ಲವೆಂದು ಒಪ್ಪಬಹುದು. ಆದರೆ ಕೇಂದ್ರದ ಅಲೆಯ ಮೇಲೆಯೇ ಗದ್ದಲವೂ ಬಂದು ಕುಳಿತರೆ, ರೇಡಿಯೊದೊಳಗೆ ಎಂತಹ ಶೋಧಕವನ್ನಿಟ್ಟರೂ ಎರಡನ್ನೂ ಬಿಡಿಸುವುದು ದುಸ್ಸಾಧ್ಯ. ಹುಟ್ಟಿದೆಡೆಯಲ್ಲಾದರೋ ಒಂದು ಕಂಡೆನ್ಸರು, ಇಲ್ಲವೆ ತಂತಿಯ ಬಿಗಿತ, ಅನೇಕ ವೇಳೆ ಸಾಕಾಗುವುದು. ನೊಂದವನಿಂದಾಗದುದು ನೋಯಿಸಿದವನಿಗೆ ಅಲ್ಪವ್ಯಯದಲ್ಲಿ ಸಾಧ್ಯ. ತಿಳಿಸಿದ ಬಳಿಕವೂ ಸುಮ್ಮನಿದ್ದವನಿಗೆ ಅಜ್ಞಾನದ ರಕ್ಷೆಯಿಲ್ಲ.

ಕೇಳುಗನಿಗೂ ಕರ್ತವ್ಯವಿಲ್ಲದಿಲ್ಲ. ಬ್ಯಾಟರಿಯ ರೇಡಿಯೊವನ್ನು ಹಿಡಿದು ಮೊದಲು ತನ್ನ ಮನೆಯ ಮೈನ್ ಸ್ವಿಚ್ಚನ್ನೇ ಆರಿಸಿ ನೋಡತಕ್ಕದ್ದು. ಗದ್ದಲ ಅಲ್ಲಿಯೇ ನಿಂತುಹೋಗುವುದೂ ಉಂಟು. ಆಗ ನೆರೆಯವನಿಗೆಂದು ಕೂಡಿಟ್ಟ ಬೈಗುಳವನ್ನು ನುಂಗಿಕೊಳ್ಳಬೇಕು! ನಿಲ್ಲದಿದ್ದರೆ, ಒಳಗಿನ ಫೆರೈಟ್ ಕೋಲಿನ ತುದಿ ಗದ್ದಲದ ಕಡೆಗೆ ನೇರವಾಗುವಂತೆ ಪೆಟ್ಟಿಗೆಯನ್ನು ತಿರುಗಿಸಿದಾಗ ಅದು ಕುಗ್ಗಬಹುದು. ನೆರೆಮನೆ ಬೆಂಗಳೂರಿನ ದಿಕ್ಕಿನಲ್ಲಿಯೇ ಇದ್ದರೆ ಮಾತ್ರ ಗದ್ದಲದೊಡನೆ ಬೆಂಗಳೂರು ಕೇಂದ್ರವೂ ಕುಗ್ಗುತ್ತದೆ. ಆಗ ತೋಟ ದಾಟಿ ಹೋಗಿ, ‘ಅಣ್ಣಾ, ನಿಮ್ಮ ದೀಪವನ್ನು ಒಂದು ಗಳಿಗೆ ಆರಿಸಿ ನೋಡೋಣವೆ?’ ಎಂದು ಕೇಳುವುದೇ ಉಳಿದ ದಾರಿ.