ಹೂವಿಗೆ ಹನಿಸಿದ ನೀರು

ಮುಂಬಯಿಯ ಉಪನಗರಗಳಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ತೋಟವೆಂದರೆ ಕಿಟಕಿಯ ಗ್ರಿಲ್ಲಿನೊಳಗೆ ಇಟ್ಟ ನಾಲ್ಕು ಕುಂಡಗಳೇ. ನಮ್ಮಲ್ಲಿಯೂ ಅಷ್ಟೆ: ತುಳಸಿ, ದೊಡ್ಡಪತ್ರೆ, ಒಂದು ನಂದಿಬಟ್ಟಲು, ಮತ್ತೊಂದು ಕೆಂಪು ದಾಸವಾಳ. ಈ ದಾಸವಾಳದ ಗೆಲ್ಲನ್ನು ನಮ್ಮ ತಾಯಿಯವರು ಕುಂದಾಪುರದ ಮನೆಯ ಅಂಗಳದಿಂದ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮತ್ಸ್ಯಗಂಧ ಗಾಡಿಯಲ್ಲಿ ತಂದು ನೆಟ್ಟದ್ದು. ಬೆಳಿಗ್ಗೆ ಅರಳಿ ಸಂಜೆಗೆ ಬಾಡುವ ಅದರ ಹೂವು ದೇವರಿಗೆಂದೇ ಮೀಸಲು.

ಈಚೆಗೆ ಅದಕ್ಕೆ ಇನ್ನೊಬ್ಬ ಪಾಲುದಾರ ಹುಟ್ಟಿಕೊಂಡ. ಮಗನು ಮೊಬೈಲಿಗೆ ಸಿಕ್ಕಿಸುವ ಸಣ್ಣದೊಂದು ಮ್ಯಾಕ್ರೋ ಮಸೂರವನ್ನು ತಂದುಕೊಟ್ಟಂದಿನಿಂದ ನಮಗೆ ಹೂವಿನ ಚಿತ್ರ ತೆಗೆಯುವ ಹುಚ್ಚು. ಹೂವಿನಿಂದ ಒಂದಂಗುಲ ದೂರದಲ್ಲಿ ಹಿಡಿದು ನೋಡಬೇಕು. ದಿನವೂ ಕಂಡ ದಾಸವಾಳ ಅದಲ್ಲವೇ ಅಲ್ಲ! ನಡುವಿನ ದಂಡದ ತುದಿಯಲ್ಲಿ ಐದು ಕವಲು, ಪ್ರತಿ ಕವಲಿಗೂ ಕೆಂಪು ಮಖಮಲ್ಲಿನ ಗುಂಡು, ಕೆಳಗೆ ಹಳದಿ ಪರಾಗದ ಕಾಳುಗಳು. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವುದು ಮಾತ್ರ ಒಂದು ಮಿಲಿಮೀಟರಿನ ಆಸುಪಾಸು. ಅದರ ಹಿಂದುಮುಂದೆಲ್ಲ ಮಂಜು. ಬಲ್ಲವರು ಹತ್ತಾರು ಚಿತ್ರ ತೆಗೆದು, ಒಂದೊಂದರ ಸ್ಪಷ್ಟ ಭಾಗವನ್ನು ಆಯ್ದು ಒಂದೇ ಚಿತ್ರವಾಗಿ ಹೆಣೆಯುತ್ತಾರೆ. ಇದು ಮೋಸವೇ ಎಂದು ಕೇಳಿದರೆ ಅಲ್ಲವೆಂದೇ ನಮ್ಮ ಅಭಿಪ್ರಾಯ. ಹೂವಿನಲ್ಲಿ ಇಲ್ಲದ್ದನ್ನು ಅಲ್ಲಿ ಯಾರೂ ಸೇರಿಸಲಿಲ್ಲವಲ್ಲ.

ನಾವು ಸೇರಿಸಿದೆವು. ಏಪ್ರಿಲ್ ತಿಂಗಳ ಒಂದು ನಡುಮಧ್ಯಾಹ್ನ, ಇಸ್ತ್ರಿಯ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಿಂದ ಹೂವಿನ ಮೇಲೆ ಹನಿಗಳನ್ನು ಕೂರಿಸಿದೆವು. ತೊಟ್ಟಿಗೆ ಹತ್ತಿದ ಬಿಳಿಯ ಹಿಟ್ಟು ತಿಗಣೆಗಳನ್ನು ಬೆರಳಿನಿಂದ ಒರೆಸಿದೆವು. ಅದೂ ಚಿತ್ರದಲ್ಲಿ ಬೀಳುವ ಕಡೆಯವನ್ನು ಮಾತ್ರ. ಚಿತ್ರ ಸೊಗಸಾಗಿ ಬಂತು. ಊರಕಡೆಯ ಹಿರಿಯ ಸ್ನೇಹಿತರೊಬ್ಬರಿಗೆ ಕಳುಹಿಸಿದೆವು. ಮಂಡಿನೋವಿನಿಂದಾಗಿ ಅವರು ಊರಿಗೆ ಹೋಗದೆ ವರ್ಷಗಳೇ ಆದವು. ಕೂಡಲೇ ಫೋನು ಮಾಡಿ, "ಈ ಇಬ್ಬನಿ ನೋಡಿ ನಮ್ಮ ಅಂಗಳದ ಬೆಳಗೇ ನೆನಪಾಯಿತು ಮಾರಾಯ್ರೆ" ಎಂದರು. ಏಪ್ರಿಲಿನ ಮುಂಬಯಿಯಲ್ಲಿ ಎಲ್ಲಿಯ ಇಬ್ಬನಿ? ಆದರೂ ನಾವು ಹೂಂಗುಟ್ಟಿದೆವು.

ನಮ್ಮನ್ನು ಸಮರ್ಥಿಸಿಕೊಳ್ಳಲು ದೊಡ್ಡವರ ಹೆಸರು ಹುಡುಕಿದ್ದೂ ಉಂಟು. ಬರ್ಲಿನ್ನಿನ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬವರು ಮೊಗ್ಗು, ಸುರುಳಿ ಬಳ್ಳಿ, ಜರಿಗಿಡಗಳನ್ನು ಹಲವು ಪಟ್ಟು ಹಿಗ್ಗಿಸಿ ತೆಗೆದ ಚಿತ್ರಗಳ ಪುಸ್ತಕ 1928ರಲ್ಲಿ ಪ್ರಕಟವಾಗಿ ಹೆಸರಾಯಿತು. ಅವರೂ ಗಿಡಗಳನ್ನು ಕತ್ತರಿಸಿ, ಬೇಡದ ಎಲೆ ತೆಗೆದು, ನೆಟ್ಟಗೆ ನಿಲ್ಲಿಸಿಯೇ ಚಿತ್ರ ಹಿಡಿಯುತ್ತಿದ್ದರು. ಹಾಗಾದರೆ ನಮ್ಮದೇನು ತಪ್ಪು? ಯೋಚಿಸಿದಾಗ ಈ ವಾದ ನಿಲ್ಲಲಿಲ್ಲ. ಕಬ್ಬಿಣದ ಕೆಲಸಕ್ಕೂ ಕಲ್ಲಿನ ಕೆತ್ತನೆಗೂ ಗಿಡದ ಆಕಾರ ಹೇಗೆ ಗುರುವಾದೀತೆಂದು ವಿದ್ಯಾರ್ಥಿಗಳಿಗೆ ತೋರಿಸುವುದು ಅವರ ಉದ್ದೇಶ. ಆಕಾರದ ವಿಷಯದಲ್ಲಿ ಆ ಚಿತ್ರಗಳು ಸುಳ್ಳಾಡುವುದಿಲ್ಲ. ನಮ್ಮ ಹನಿಯಾದರೋ ಇದು ಮುಂಜಾವು, ಇಲ್ಲಿ ತಂಪಿದೆ ಎಂದು ನೋಡಿದವರಿಗೆ ಹೇಳುತ್ತಿತ್ತು. ನಂಬುವವರು ಸಿಕ್ಕಿದರು.

ಹುಳುಗಳನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಚಿತ್ರ ತೆಗೆಯುವವರೂ ಇದ್ದಾರೆ. ದಾಸವಾಳದ ಮೊಗ್ಗಿನ ಮೇಲೆ ಓಡಾಡುವ ಇರುವೆಯೊಂದು ಒಂದು ಗಳಿಗೆ ನಿಲ್ಲದಿದ್ದಾಗ ನಮಗೂ ಆ ಯೋಚನೆ ಸುಳಿದದ್ದುಂಟು. ಮಾಡಲಿಲ್ಲ. ದಯೆಯಿಂದಲ್ಲ, ಇರುವೆಯ ಡಬ್ಬಿಯನ್ನು ಮೊಸರಿನ ಪಕ್ಕದಲ್ಲಿಡಲು ಮನೆಯಲ್ಲಿ ಒಪ್ಪಿಗೆ ಸಿಕ್ಕುವಂತಿರಲಿಲ್ಲ.

ಇಷ್ಟರ ನಡುವೆ ತಾಯಿಯವರು ದಹಿಸರದ ತಂಗಿಯ ಮನೆಯಲ್ಲಿ ಹತ್ತು ದಿನ ಇದ್ದು ಬಂದರು. ಗಿಡಗಳ ಹೊಣೆ ನಮ್ಮದಾಗಿತ್ತು. ಬಂದವರೇ ಕಿಟಕಿಯ ಬಳಿ ನಿಂತು, ಉದುರಿ ಬಿದ್ದ ಮೊಗ್ಗುಗಳನ್ನು ಆಯ್ದು ಅಂಗೈಯಲ್ಲಿ ಹಿಡಿದುಕೊಂಡರು. "ಹೂವಿನ ಮೂತಿಗೆ ನೀರು ಹೊಡೆದದ್ದು ಸರಿ ಮಾರಾಯ, ಬುಡಕ್ಕೆ ಹಾಕುವುದು ಯಾರು?" ಎಂದರು. ಕುಂಡದ ಮಣ್ಣು ಬಿರಿದು ಅಂಚು ಬಿಟ್ಟಿತ್ತು. ಎಲೆಗಳು ಹಳದಿ. ಒರೆಸದೆ ಬಿಟ್ಟ ತೊಟ್ಟಿನ ಹಿಂಬದಿಯಲ್ಲಿ ತಿಗಣೆ ದಟ್ಟವಾಗಿ ಕೂತಿತ್ತು.

ಆ ಹತ್ತೂ ದಿನ ನಾವು ಅದೇ ಗಿಡವನ್ನು ಒಂದಂಗುಲ ದೂರದಿಂದ ನೋಡಿದವರು! ಪರಾಗದ ಕಾಳು ಎಣಿಸಬಲ್ಲೆವಾಗಿದ್ದೆವು. ತಾಯಿಯವರಿಗೆ ಪರಾಗದ ಸಂಗತಿ ಗೊತ್ತಿಲ್ಲ, ಕನ್ನಡಕವಿಲ್ಲದೆ ಹೂವೇ ಮಸುಕು. ಹಾಗೆಂದು ಅವರೇನು ಹೂವನ್ನು ಮುಟ್ಟದವರಲ್ಲ, ದಿನವೂ ಕೊಯ್ಯುವವರೇ. ಆದರೆ ಎಷ್ಟು ಅರಳಿದರೂ ಒಂದನ್ನು ಗಿಡದಲ್ಲಿ ಬಿಡುತ್ತಾರೆ, ಕೊಯ್ಯುವ ಮೊದಲು ಬುಡಕ್ಕೆ ಒಂದು ತಂಬಿಗೆ ನೀರು ಹಾಕುತ್ತಾರೆ. ನಾವು ಹೂವನ್ನು ಕೊಯ್ಯಲೇ ಇಲ್ಲ. ಹಾಗಾಗಿ ಗಿಡಕ್ಕೆ ಏನೂ ಮಾಡಿಲ್ಲವೆಂಬ ನೆಮ್ಮದಿಯಲ್ಲಿದ್ದೆವು.

ಗಿಡ ಚೇತರಿಸಿಕೊಂಡಿತು, ದಾಸವಾಳ ಗಟ್ಟಿ ಜೀವ. ಸ್ನೇಹಿತರ ವಿಷಯ ಮಾತ್ರ ಉಳಿದಿತ್ತು. ಕಳೆದ ವಾರ ಅವರ ಮನೆಗೆ ಹೋದಾಗ ನಮ್ಮ ಚಿತ್ರ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಕಾಫಿ ಮುಗಿಯುವ ಮೊದಲೇ ಇಸ್ತ್ರಿ ಬಾಟಲಿಯ ಕತೆ ಹೇಳಿಬಿಟ್ಟೆವು. ಅವರು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದರು. "ಗಿಡ ನಮ್ಮ ಊರಿನದ್ದೇ ಅಲ್ಲವೋ?" ಎಂದು ಕೇಳಿದರು. ಹೌದೆಂದೆವು. "ಹಾಗಾದರೆ ಮಳೆ ಹಿಡಿದ ಮೇಲೆ ಒಂದು ಗೆಲ್ಲು ಕೊಡಿ" ಎಂದರು.