ದಾರಿಯ ಕೊನೆಯಲ್ಲಿ ಕೇಳುವ ಸಂಕಲ್ಪ

ತೀರ್ಥಯಾತ್ರೆಯ ಫಲ ನಡೆಯುವ ಕ್ರಿಯೆಗೆ ಸೇರಿದ್ದೋ, ನಡೆಯುವವನ ಉದ್ದೇಶಕ್ಕೆ ಸೇರಿದ್ದೋ, ಇಲ್ಲವೆ ತಲುಪಬೇಕಾದ ಕ್ಷೇತ್ರದ ಮಹಿಮೆಗೆ ಸೇರಿದ್ದೋ ಎಂಬುದು ಹಲವು ಧರ್ಮಗಳ ಚಿಂತಕರು ಚರ್ಚಿಸಿದ ಹಳೆಯ ಪ್ರಶ್ನೆ. ಗ್ರಂಥಗಳಲ್ಲಿ ಸುಲಭವಾಗಿ ಬಗೆಹರಿದಂತೆ ಕಾಣುವ ಈ ಪ್ರಶ್ನೆ ನೆಲದ ಮೇಲಿನ ಒಂದು ನಿಜವಾದ ದಾರಿಯ ಚರಿತ್ರೆಯ ಮುಂದೆ ತೊಡಕಾಗುತ್ತದೆ. ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ ಗಲೀಸಿಯಾ ಪ್ರಾಂತ್ಯದ ಸಾಂತಿಯಾಗೊ ದೆ ಕೊಂಪೊಸ್ತೆಲಾ ನಗರಕ್ಕೆ ಸಾಗುವ, ‘ಕಮಿನೊ’ ಎಂದು ಪ್ರಸಿದ್ಧವಾದ ಯಾತ್ರಾಪಥ ಅಂಥದು. ಯೇಸುವಿನ ಹನ್ನೆರಡು ಮಂದಿ ಅಪೊಸ್ತಲರಲ್ಲಿ, ಅಂದರೆ ಸುವಾರ್ತೆ ಸಾರಲು ಆತನೇ ಆರಿಸಿ ಕಳುಹಿಸಿದ ಶಿಷ್ಯರಲ್ಲಿ, ಒಬ್ಬನಾದ ಸಂತ ಯಾಕೋಬನ ಸಮಾಧಿ ಅಲ್ಲಿದೆಯೆಂದು ಕ್ರಿ.ಶ. ಒಂಬತ್ತನೆಯ ಶತಮಾನದಿಂದ ನಂಬಲಾಗಿದೆ.

ಈ ಹೆಸರಿನ ದಾರಿಗಳು ಹಲವಾದರೂ ಹೆಚ್ಚು ಜನ ನಡೆಯುವುದು ಫ್ರಾನ್ಸಿನ ಗಡಿಯಂಚಿನಿಂದ ಹೊರಡುವ, ಸುಮಾರು 780 ಕಿಲೊಮೀಟರ್ ಉದ್ದದ ಹಾದಿಯಲ್ಲಿ. ಪಿರೆನೀಸ್ ಪರ್ವತವನ್ನು ದಾಟುವ ಮೊದಲ ಹಂತವನ್ನೂ ನಡುವಿನ ಒಂದೆರಡು ಏರುಗಳನ್ನೂ ಬಿಟ್ಟರೆ ಇದು ದುರ್ಗಮವಾದ ದಾರಿಯಲ್ಲ: ರಿಯೋಹಾದ ದ್ರಾಕ್ಷಿತೋಟಗಳು, ಬುರ್ಗೋಸ್ ಮತ್ತು ಲೆಯೋನ್ ನಗರಗಳ ನಡುವಿನ ಗೋಧಿಯ ಬಯಲು, ಆಮೇಲೆ ಗಲೀಸಿಯಾದ ಓಕ್ ಮತ್ತು ಚೆಸ್ಟ್‌ನಟ್ ಮರಗಳ ಕಾಡು, ಕಲ್ಲುಗೋಡೆಗಳ ನಡುವಿನ ತೇವದ ಓಣಿ, ಮಿನ್ಯೊ ನದಿಯ ಕಣಿವೆ. ಆ ಕಣಿವೆಯ ಪೋರ್ತೊಮರೀನ್ ಎಂಬ ಊರು 1960ರ ದಶಕದಲ್ಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದಾಗ ಅಲ್ಲಿನ ಹಳೆಯ ಇಗರ್ಜಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ, ದಿಬ್ಬದ ಮೇಲೆ ಮತ್ತೆ ಕಟ್ಟಲಾಯಿತು. ತಪಸ್ಸಿಗೆಂದು ಕಾಡು ಸೇರುವವನ ಹಾದಿ ಇದಲ್ಲ, ಬೇರೆಯವರು ಉಳುವ, ಹಾಲು ಕರೆಯುವ, ಬಟ್ಟೆ ಒಣಹಾಕುವ ಜಾಗಗಳ ನಡುವೆಯೇ ಹಾಯ್ದುಹೋಗುವ ಹಾದಿ ಎಂಬುದನ್ನು ನೆನಪಿನಲ್ಲಿಡಬೇಕು.

ಮೊದಲು ಕ್ಷೇತ್ರಮಹಿಮೆಯ ಪಕ್ಷವನ್ನು ನೋಡಬಹುದು. ಯಾಕೋಬನನ್ನು ಯೆರೂಸಲೇಮಿನಲ್ಲಿ ರಾಜ ಹೆರೋದನು ಕೊಲ್ಲಿಸಿದನೆಂದು ಬೈಬಲ್ ಹೇಳುತ್ತದೆ. ಅವನ ದೇಹ ಸ್ಪೇನಿಗೆ ಬಂದದ್ದು ಐತಿಹ್ಯದ ಮಾತು. ಹದಿನಾರನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್, ಅಲ್ಲಿರುವ ಎಲುಬು ಯಾರದೆಂದು ಬಲ್ಲವರಾರು ಎಂಬರ್ಥದಲ್ಲಿ ಈ ಯಾತ್ರೆಯನ್ನೇ ಗೇಲಿ ಮಾಡಿದನು. ಆದರೆ ಗೇಲಿಗಿಂತ ಚರಿತ್ರೆ ಕಟುವಾಗಿದೆ. 1589ರಲ್ಲಿ ಇಂಗ್ಲಿಷ್ ನೌಕಾದಳದ ದಾಳಿಗೆ ಹೆದರಿದ ಅಲ್ಲಿನ ಆರ್ಚ್‌ಬಿಷಪ್ ಸಂತನ ಅಸ್ಥಿಗಳನ್ನು ಬಚ್ಚಿಡಿಸಿದನು, ಬಚ್ಚಿಟ್ಟ ಜಾಗ ಕಾಲಕ್ರಮದಲ್ಲಿ ಮರೆತುಹೋಯಿತು, 1879ರಲ್ಲಿ ಅಗೆತ ನಡೆಯುವವರೆಗೆ ಅವು ಸಿಗಲೇ ಇಲ್ಲ; 1884ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವು ಸಂತನ ಅಸ್ಥಿಗಳೇ ಎಂದು ಘೋಷಿಸಿದನು. ಅಂದರೆ ಸುಮಾರು ಮೂರು ಶತಮಾನ ಯಾತ್ರಿಕರು ಅಸ್ಥಿಗಳು ಎಲ್ಲಿವೆಯೆಂದು ಯಾರಿಗೂ ತಿಳಿಯದ ಕ್ಷೇತ್ರಕ್ಕೆ ನಡೆದರು. ಅವರ ಸಂಖ್ಯೆ ಇಳಿಯಿತಾದರೂ ಯಾತ್ರೆ ನಿಲ್ಲಲಿಲ್ಲ. ಅವರ ನಡಿಗೆ ನಿಷ್ಫಲವೆಂದು ಚರ್ಚ್ ಹೇಳಿದ್ದೂ ಇಲ್ಲ. ಫಲವನ್ನು ವಸ್ತುವಿನ ಸತ್ಯಾಸತ್ಯಕ್ಕೇ ಕಟ್ಟಿಹಾಕುವ ವಾದ ಇಲ್ಲಿ ಸೋಲುತ್ತದೆ.

ಹಾಗಾದರೆ ಉದ್ದೇಶವೇ ಮುಖ್ಯವೆಂದು ತೀರ್ಮಾನಿಸಬಹುದೆ? ಮಧ್ಯಯುಗದ ಫ್ಲಾಂಡರ್ಸಿನ ನಗರ ನ್ಯಾಯಾಲಯಗಳು ಅಪರಾಧಿಗಳಿಗೆ ಯಾತ್ರೆಯನ್ನೇ ಶಿಕ್ಷೆಯಾಗಿ ವಿಧಿಸುತ್ತಿದ್ದವು. ಹಾಗೆ ಹೊರಟವನಿಗೆ ಹೋಗಬೇಕೆಂಬ ಇಚ್ಛೆಯೇ ಇರಲಿಲ್ಲ. ಇನ್ನೊಂದು ಕಡೆ, ಉಳ್ಳವರು ಹಣ ಕೊಟ್ಟು ತಮ್ಮ ಪರವಾಗಿ ಬೇರೆಯವರನ್ನು ನಡೆಸುತ್ತಿದ್ದರು, ತಾವು ಸತ್ತ ಮೇಲೆ ತಮ್ಮ ಆತ್ಮಕ್ಕಾಗಿ ಯಾರಾದರೂ ಯಾತ್ರೆ ಹೋಗಿಬರಲೆಂದು ಮರಣಶಾಸನದಲ್ಲಿ ಹಣ ತೆಗೆದಿಡುತ್ತಿದ್ದರು. ಒಂದು ಕಡೆ ಇಚ್ಛೆಯಿಲ್ಲದ ಕಾಲು, ಇನ್ನೊಂದು ಕಡೆ ಕಾಲಿಲ್ಲದ ಇಚ್ಛೆ.

ಭಾರತೀಯ ಓದುಗರಿಗೆ ಈ ಎರಡನೆಯ ಏರ್ಪಾಡು ಅಪರಿಚಿತವಲ್ಲ. ವೇದವಾಕ್ಯಗಳ ಅರ್ಥನಿರ್ಣಯವನ್ನೇ ಶಾಸ್ತ್ರವಾಗಿಸಿದ ಮೀಮಾಂಸಕರು ಯಜ್ಞದಲ್ಲಿ ದುಡಿಯುವವರು ಋತ್ವಿಜರಾದರೂ ಫಲ ಯಜಮಾನನಿಗೆ, ಅಂದರೆ ದಕ್ಷಿಣೆ ಕೊಟ್ಟು ಯಜ್ಞ ಮಾಡಿಸುವವನಿಗೆ, ಸಲ್ಲುತ್ತದೆ ಎಂದು ಒಪ್ಪುತ್ತಾರೆ. ಕರ್ಮ ಮುಗಿದುಹೋದ ಮೇಲೂ ಫಲ ಒದಗುವವರೆಗೆ ಉಳಿಯುವ ಕಾಣದ ಶಕ್ತಿಗೆ ‘ಅಪೂರ್ವ’ ಎಂದು ಹೆಸರಿಡುತ್ತಾರೆ. ಈ ವ್ಯವಸ್ಥೆ ಕುಸಿಯದಂತೆ ಹಿಡಿದಿಡುವುದು ಸಂಕಲ್ಪ. ದೇಶ, ಕಾಲ, ಗೋತ್ರಗಳನ್ನು ಹೇಳಿ, ಯಾವ ಫಲಕ್ಕಾಗಿ ಯಾವ ಕರ್ಮ ಎಂದು ಆರಂಭದಲ್ಲೇ ಘೋಷಿಸುವುದರಿಂದ, ಆಮೇಲೆ ಯಾರ ಕೈ ದುಡಿದರೂ ಕರ್ಮದ ಒಡೆತನ ಗೊಂದಲವಾಗುವುದಿಲ್ಲ. ಕೊನೆಯಲ್ಲಿ ಹೇಳುವ ಕೃಷ್ಣಾರ್ಪಣವೂ ಉದ್ದೇಶವನ್ನು ವಿಚಾರಿಸುವುದಿಲ್ಲ, ಫಲವನ್ನು ಬಿಟ್ಟುಕೊಡುತ್ತದೆ, ಅಷ್ಟೆ.

ಸಾಂತಿಯಾಗೊದ ಇಂದಿನ ಪದ್ಧತಿ ಇದಕ್ಕೆ ತಿರುಗುಮುರುಗು. ಕಡೆಯ 100 ಕಿಲೊಮೀಟರನ್ನಾದರೂ ನಡೆದು ಬಂದು, ದಾರಿಯ ಊರುಗಳಲ್ಲಿ ಮುದ್ರೆ ಹಾಕಿಸಿಕೊಂಡ ಯಾತ್ರಾಪತ್ರವನ್ನು ತೋರಿಸುವವರಿಗೆ ಅಲ್ಲಿನ ಯಾತ್ರಿಕರ ಕಚೇರಿ ‘ಕೊಂಪೊಸ್ತೆಲಾ’ ಎಂಬ ಲ್ಯಾಟಿನ್ ಪ್ರಮಾಣಪತ್ರ ಕೊಡುತ್ತದೆ, ಆದರೆ ಅದಕ್ಕೆ ಮೊದಲು ಬಂದ ಕಾರಣವೇನೆಂದು ಕೇಳುತ್ತದೆ. ಧಾರ್ಮಿಕ ಇಲ್ಲವೆ ಆಧ್ಯಾತ್ಮಿಕ ಕಾರಣ, ಕಡೆಗೆ ಹುಡುಕಾಟದ ಮನೋಭಾವವಾದರೂ ಇದ್ದವರಿಗೆ ಈ ಪತ್ರ. ಅದೂ ಇಲ್ಲದವರಿಗೆ ಸ್ವಾಗತ ಕೋರುವ ಬೇರೊಂದು ಪತ್ರ. ಉತ್ತರ ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ದಾರಿ ಕಚೇರಿಗಿಲ್ಲ. 1980ರ ದಶಕದ ನಡುವಿನಲ್ಲಿ ವರ್ಷಕ್ಕೆ ಎರಡು ಮೂರು ಸಾವಿರವಿದ್ದ ಯಾತ್ರಿಕರು 2024ರ ಹೊತ್ತಿಗೆ ಐದು ಲಕ್ಷದ ಹತ್ತಿರವಾದಾಗ, ಈ ಪ್ರಶ್ನೆ ಬರಿಯ ನಮೂನೆ ತುಂಬುವ ಕೆಲಸವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೂ ಅದನ್ನು ಕೇಳುವ ಸ್ಥಾನದಲ್ಲಿ, ಬಹುಶಃ ಕಚೇರಿಯ ಅನುಕೂಲಕ್ಕಾಗಿಯೇ ಹಾಗಾಗಿರಬಹುದಾದರೂ, ಒಂದು ಗಂಭೀರವಾದ ತತ್ತ್ವ ಅಡಗಿದೆ: ಐದಾರು ವಾರ ನಡೆದವನನ್ನು ಕೊನೆಯಲ್ಲಿ ‘ಏಕೆ ನಡೆದಿರಿ’ ಎಂದು ಕೇಳಿದಾಗ ಉತ್ತರಿಸುವವನು ಹೊರಟವನಲ್ಲ, ತಲುಪಿದವನು.

ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನ್ಯುಯಲ್ ಕಾಂಟ್ ಇದನ್ನು ಒಪ್ಪಲಾರನು. ಕ್ರಿಯೆಯ ನೈತಿಕ ಬೆಲೆ ಅದರ ಪರಿಣಾಮದಲ್ಲಿಲ್ಲ, ಅದನ್ನು ನಡೆಸಿದ ಇಚ್ಛೆ ಯಾವ ತತ್ತ್ವಕ್ಕೆ ಬದ್ಧವಾಗಿತ್ತು ಎಂಬುದರಲ್ಲಿದೆ ಎನ್ನುವ ಅವನಿಗೆ, ಆಮೇಲೆ ಹುಟ್ಟಿದ ಉದ್ದೇಶ ಮೊದಲಿನ ಹೆಜ್ಜೆಗಳಿಗೆ ಬೆಲೆ ತರುವುದಿಲ್ಲ. ಅರಿಸ್ಟಾಟಲ್ ಬೇರೆಯ ದಿಕ್ಕಿನಿಂದ ಬರುತ್ತಾನೆ: ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ, ಗುಣವೆಂಬುದು ರೂಢಿಯ ಫಲ. ಹದಿನೇಳನೆಯ ಶತಮಾನದ ಫ್ರಾನ್ಸಿನ ಪಾಸ್ಕಲ್ ಈ ತರ್ಕವನ್ನು ಭಕ್ತಿಗೂ ವಿಸ್ತರಿಸಿ, ನಂಬಲು ಬಯಸಿಯೂ ನಂಬಲಾಗದವನು ನಂಬಿದವರಂತೆ ಆಚರಿಸಲು ತೊಡಗಲಿ, ನಂಬಿಕೆ ಹಿಂದಿನಿಂದ ಬರುತ್ತದೆ ಎಂದು ಸಲಹೆ ಕೊಟ್ಟನು. ಕಾಂಟನ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದಲ್ಲ, ಆದರೆ ಅದು ನಡಿಗೆಯನ್ನು ಒಂದೇ ತೀರ್ಮಾನದ ಒಂದೇ ಕ್ರಿಯೆಯೆಂದು ಭಾವಿಸುತ್ತದೆ. ವಾರಗಟ್ಟಲೆ ನಡೆಯುವವನ ತೀರ್ಮಾನ ಪ್ರತಿ ಬೆಳಗ್ಗೆ ಹೊಸದಾಗಿ ಆಗಬೇಕಾಗುತ್ತದೆ, ಮೊದಲ ದಿನ ಮೈ ಇಳಿಸಲೆಂದು ಎದ್ದವನು ಇಪ್ಪತ್ತನೆಯ ದಿನವೂ ಅದಕ್ಕೇ ಏಳುತ್ತಾನೆಂಬ ಖಾತ್ರಿಯಿಲ್ಲ. ದಿನಕ್ಕೊಂದು ಉದ್ದೇಶವಿರುವ ಕ್ರಿಯೆಯ ಬೆಲೆಯನ್ನು ಮೊದಲ ದಿನದ ಉದ್ದೇಶವೊಂದರಿಂದಲೇ ಅಳೆಯುವುದು ನ್ಯಾಯವಲ್ಲ.

ಆರಂಭ, ಅಂತ್ಯಗಳೆರಡನ್ನೂ ಬಿಟ್ಟ ಇನ್ನೊಂದು ನಿಲುವೂ ಇದೆ. ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ನಿಂತು, ಉಳಿದ ಕಾಲ ಊರಿಂದೂರಿಗೆ ಬರಿಗಾಲಲ್ಲಿ ವಿಹರಿಸುವ ಜೈನ ಮುನಿಗಳಿಗೆ ‘ಈರ್ಯಾಸಮಿತಿ’ ಎಂಬ ನಿಯಮವಿದೆ: ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಯಾವ ಜೀವಿಗೂ ನೋವಾಗದಂತೆ ಹೆಜ್ಜೆಯಿಡಬೇಕು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ನೂರಾರು ಮೈಲಿ ನಡೆದುಬರುವ ಮುನಿಗಳಿಗೂ ಈ ನಿಯಮ ಸಡಿಲುವುದಿಲ್ಲ. ಇಲ್ಲಿ ನಡಿಗೆಯ ಪರೀಕ್ಷೆ ಪ್ರತಿ ಹೆಜ್ಜೆಯ ಎಚ್ಚರದಲ್ಲಿದೆ. ಕ್ಷೇತ್ರವನ್ನು ತಲುಪಿದರೂ ಎಚ್ಚರ ತಪ್ಪಿದ ಹೆಜ್ಜೆಯ ಹಿಂಸೆ ಅಳಿಯುವುದಿಲ್ಲ, ಅದನ್ನು ಹಣ ಕೊಟ್ಟು ಬೇರೆಯವರ ತಲೆಗೆ ಕಟ್ಟುವಂತೆಯೂ ಇಲ್ಲ. ತಾರ್ಕಿಕವಾಗಿ ಮೂರರಲ್ಲಿ ಇದೇ ಹೆಚ್ಚು ಗಟ್ಟಿಯಾದದ್ದು, ಆದರೆ ಸಂಸಾರಿಗೆ ಇದು ಬಹಳ ದೂರದ ಆದರ್ಶ. ಸಾಂತಿಯಾಗೊದ ಪ್ರಶ್ನೆಗಾದರೋ ಎಚ್ಚರ ತಪ್ಪಿ ನಡೆದವನೂ ಉತ್ತರ ಕೊಡಬಲ್ಲನು.

ನಡೆಯುತ್ತ ನಡೆಯುತ್ತ ಉದ್ದೇಶ ಬದಲಾಗಬಹುದೆಂಬ ವಾದವನ್ನು ಅತಿಗೆ ಒಯ್ಯುವುದೂ ತಪ್ಪು. ನಡಿಗೆ ತಾನಾಗಿಯೇ ಯಾರನ್ನೂ ತಿದ್ದುವುದಿಲ್ಲ. ಮುದ್ರೆಗಳನ್ನು ಎಣಿಸುತ್ತ, ಹಿಂದೆ ಬಿದ್ದವರನ್ನು ಎಣಿಸುತ್ತ, ಅಹಂಕಾರವನ್ನಷ್ಟೇ ಬೆಳೆಸಿಕೊಂಡು ಮುಟ್ಟುವವರೂ ಇದ್ದಾರೆ. ದಾರಿ ತಿದ್ದುತ್ತದೆಯಾದರೆ, ಅದು ಜನ ಬಾಳುವ ನೆಲದ ಮೂಲಕ ಹೋಗುವುದರಿಂದ ಎನ್ನಬೇಕು: ಯಾತ್ರಿಕನಿಗೆ ನೀರು ಬೇಕು, ರಾತ್ರಿಗೆ ಹಾಸಿಗೆ ಬೇಕು, ಅವನ್ನು ಕೊಡುವವರು ನಡೆಯದೆ ಮನೆಯಲ್ಲೇ ಉಳಿದವರು. ಇಷ್ಟೇ ಎಂದು ಬೆಲೆ ಕಟ್ಟದೆ, ಕೊಟ್ಟಷ್ಟನ್ನು ಪಡೆಯುವ ತಂಗುದಾಣಗಳು ಈ ಹಾದಿಯಲ್ಲಿ ಇಂದಿಗೂ ಇವೆ. ಕವಲುಗಳಲ್ಲಿ ದಿಕ್ಕು ತೋರುವ ಹಳದಿ ಬಾಣಗಳು ಕೂಡ ಸೆಬ್ರೇರೊ ಎಂಬ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಲಿನ್ಯಾ 1980ರ ದಶಕದಲ್ಲಿ ಬೇರೆಯವರಿಗಾಗಿ ಬಣ್ಣ ಹಿಡಿದು ಬರೆಯಲು ತೊಡಗಿದಂಥವು.

1982ರಲ್ಲಿ ಬೆಲ್ಜಿಯಂನಲ್ಲಿ ಆರಂಭವಾದ ಒಯ್ಕೊಟೆನ್ ಎಂಬ ಸಂಸ್ಥೆ ಹಳೆಯ ಫ್ಲೆಮಿಶ್ ಶಿಕ್ಷೆಯನ್ನು ಹೊಸ ರೂಪದಲ್ಲಿ ಬಳಕೆಗೆ ತಂದಿತು. ಕಾನೂನಿನೊಡನೆ ತೊಡಕಿಗೆ ಸಿಲುಕಿದ ಹದಿಹರೆಯದವರು, ನ್ಯಾಯಾಧೀಶರ ಒಪ್ಪಿಗೆ ಪಡೆದು, ಸುಧಾರಣಾಗೃಹದ ಬದಲು ಒಬ್ಬ ಹಿರಿಯ ಸಂಗಾತಿಯ ಜೊತೆ ಸಾಂತಿಯಾಗೊದಂಥ ದೂರದ ಊರಿಗೆ ತಿಂಗಳುಗಟ್ಟಲೆ ನಡೆಯುತ್ತಾರೆ. ಮಧ್ಯಯುಗದ ಅಪರಾಧಿಗಿಲ್ಲದ ಒಂದು ಸ್ವಾತಂತ್ರ್ಯ ಇವರಿಗಿದೆ: ಇಷ್ಟವಿಲ್ಲವೆಂದರೆ ನಡಿಗೆಯನ್ನು ನಿಲ್ಲಿಸಿ ಹಿಂದಿರುಗಬಹುದು. ಬಂಧನವನ್ನು ತಪ್ಪಿಸಿಕೊಳ್ಳಲೆಂದು ಹೊರಟ ಹುಡುಗನೊಬ್ಬ ಹಿಂದಿರುಗದೆ ಕೊನೆಯವರೆಗೆ ನಡೆದು ಕಚೇರಿಯ ಮುಂದೆ ನಿಂತರೆ ಅವನು ಯಾವ ಪತ್ರಕ್ಕೆ ಅರ್ಹನೆಂದು ಮೀಮಾಂಸಕನಾಗಲಿ ಕಾಂಟ್ ಆಗಲಿ ತಡವಿಲ್ಲದೆ ಹೇಳಿಬಿಡಬಲ್ಲರು. ಪ್ರಶ್ನೆಯನ್ನು ಕೊನೆಗೆ ಇಟ್ಟ ಪದ್ಧತಿ ಮಾತ್ರ ಆ ಮಾತನ್ನು ಅವನಿಗೇ ಬಿಡುತ್ತದೆ.