ಪರದೆಯ ಮೇಲಿನ ಘಟ

ಮಡಕೆಯ ಚಿತ್ರವನ್ನು ಕಂಡವರು ಆ ಮಡಕೆಯನ್ನೇ ಅರಿತರೆಂದು ಹೇಳಬಹುದೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಸಣ್ಣದಾಗಿ ತೋರಿದರೂ, ಅದರ ಬೇರು ಪ್ರಮಾಣಶಾಸ್ತ್ರದಲ್ಲಿ, ಎಂದರೆ ಅರಿವು ಯಾವ ದಾರಿಯಿಂದ ಬರುತ್ತದೆ ಮತ್ತು ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸುವ ಶಾಸ್ತ್ರದಲ್ಲಿ ಇದೆ. ಸೆರಾಮಿಕ್ ಕಲೆಯ, ಅಂದರೆ ಮಣ್ಣಿಗೆ ರೂಪ ಕೊಟ್ಟು ಸುಟ್ಟು ಗಟ್ಟಿಗೊಳಿಸುವ ಕಲೆಯ, ಆಸಕ್ತರು ಇಂದು ಹೊಸ ಕಲಾವಿದರ ಪರಿಚಯವನ್ನು ಪಡೆಯುವುದು ಬಹುಮಟ್ಟಿಗೆ ಮೊಬೈಲಿನ ಪರದೆಯ ಮೇಲೆ. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಪುದುಚೇರಿಯಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರ ಕೃತಿಗಳೂ ಇಂಗ್ಲೆಂಡಿನ ಮ್ಯಾಗ್ಡಲೀನ್ ಒಡುಂಡೊ ಅವರ ಕೃತಿಗಳೂ ಬೆರಳಾಡಿಸಿದಂತೆ ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಕಲಾಶಾಲೆಯಾಗಲಿ ಪ್ರದರ್ಶನವಾಗಲಿ ಇಲ್ಲದ ಊರಿನ ವಿದ್ಯಾರ್ಥಿಗೆ ಇದು ದೊಡ್ಡ ಭಾಗ್ಯವೇ ಸರಿ. ಆದರೆ ಹಾಗೆ ಬಂದು ನಿಂತದ್ದು ಏನು ಎಂಬುದನ್ನು ಕೇಳದೆ ಬಿಡುವಂತಿಲ್ಲ.

ಭಾರತೀಯ ದಾರ್ಶನಿಕರು ಮತ್ತೆ ಮತ್ತೆ ಕೈಗೆತ್ತಿಕೊಂಡ ಉದಾಹರಣೆಗಳಲ್ಲಿ ಘಟ, ಎಂದರೆ ಮಡಕೆ, ಒಂದು. ಛಾಂದೋಗ್ಯ ಉಪನಿಷತ್ತಿನ 6ನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗ ಶ್ವೇತಕೇತುವಿಗೆ ಮಣ್ಣಿನ ಮುದ್ದೆಯ ದೃಷ್ಟಾಂತವನ್ನು ಕೊಡುತ್ತಾನೆ. ಗಡಿಗೆ, ಹರಿವಿ, ಹಣತೆ ಎಂಬ ಭೇದಗಳು ನಾಮರೂಪಗಳ ಮಟ್ಟದವು, ಅವುಗಳಲ್ಲಿ ಸತ್ಯವಾಗಿರುವುದು ಮಣ್ಣು ಎಂಬುದು ಅದ್ವೈತಿಗಳು ಅದರಿಂದ ತೆಗೆದ ಅರ್ಥ. ಪರದೆಯಲ್ಲಿ ಈ ಲೆಕ್ಕ ಹಿಂದುಮುಂದಾಗುತ್ತದೆ. ಕಲಾವಿದರ ನಾಮ ತಲುಪುತ್ತದೆ, ಪಾತ್ರೆಯ ರೂಪ ತಲುಪುತ್ತದೆ, ಉದ್ದಾಲಕನು ಸತ್ಯವೆಂದ ಮಣ್ಣು ಮಾತ್ರ ಅಲ್ಲೇ ಉಳಿಯುತ್ತದೆ.

ನೈಯಾಯಿಕರು, ಎಂದರೆ ತರ್ಕವನ್ನೂ ಪ್ರಮಾಣಗಳನ್ನೂ ಪ್ರಧಾನವಾಗಿ ಚರ್ಚಿಸಿದ ನ್ಯಾಯದರ್ಶನದವರು, ಈ ಕೊರತೆಯನ್ನು ಇನ್ನಷ್ಟು ನಿಖರವಾಗಿ ಗುರುತಿಸಲು ನೆರವಾಗುತ್ತಾರೆ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಪೃಥಿವಿಯ, ಎಂದರೆ ಮಣ್ಣಿನ, ಲಕ್ಷಣವೆಂದು ಹೇಳಿರುವುದು ಗಂಧವನ್ನು. ಹೊಸ ಮಡಕೆಗೆ ಮೊದಲ ಸಲ ನೀರು ಸುರಿದಾಗ ಮೂಗಿಗೆ ಬಡಿಯುವ ಆ ವಾಸನೆಯನ್ನು ಬಲ್ಲವರಿಗೆ ಈ ಲಕ್ಷಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗಂಧವಾಗಲಿ ಮಣ್ಣಿನ ಸ್ಪರ್ಶವಾಗಲಿ ಪರದೆಯನ್ನು ದಾಟಿ ಬರುವುದಿಲ್ಲ. ಹಾಗಾದರೆ ಪರದೆಯ ಮೇಲೆ ಮಡಕೆಯನ್ನು ನೋಡಿ ಅದರ ಒರಟುತನವನ್ನು ಅಂಗೈಯಲ್ಲೇ ಅನುಭವಿಸಿದಂತಾಗುವುದು ಹೇಗೆ? 14ನೆಯ ಶತಮಾನದ ಗಂಗೇಶ ಮತ್ತು ಅವನ ಪರಂಪರೆಯವರು ಇದಕ್ಕೆ ಹತ್ತಿರವಾದ ಒಂದು ಸಂಗತಿಯನ್ನು ಚರ್ಚಿಸಿದ್ದಾರೆ. ದೂರದಲ್ಲಿರುವ ಗಂಧದ ಕೊರಡನ್ನು ಕಣ್ಣಿನಿಂದ ನೋಡಿದಾಗಲೇ ಅದು ಪರಿಮಳವುಳ್ಳದ್ದೆಂಬ ಅರಿವು ಮೂಡುತ್ತದೆ. ಕಣ್ಣಿಗೆ ಪರಿಮಳ ಎಟುಕುವುದಿಲ್ಲವಾದರೂ ಹಿಂದೆ ಮೂಸಿದ್ದರ ಜ್ಞಾನವೇ ಸೇತುವೆಯಾಗಿ ನಿಂತು ಅದನ್ನು ಈ ಪ್ರತ್ಯಕ್ಷದೊಳಕ್ಕೆ ತರುತ್ತದೆ. ಇದಕ್ಕೆ ಅವರಿಟ್ಟ ಹೆಸರು ಜ್ಞಾನಲಕ್ಷಣ ಸನ್ನಿಕರ್ಷ, ಎಂದರೆ ಹಿಂದಿನ ಅರಿವೇ ಇಂದ್ರಿಯಕ್ಕೂ ವಿಷಯಕ್ಕೂ ನಡುವಿನ ಸಂಬಂಧವಾಗುವ ಬಗೆ. ವೇದಾಂತ ಪರಿಭಾಷೆಯನ್ನು ಬರೆದ ಧರ್ಮರಾಜಾಧ್ವರೀಂದ್ರನು ಇದನ್ನು ಒಪ್ಪುವುದಿಲ್ಲ. ಕೊರಡಿನ ಮಟ್ಟಿಗೆ ಆ ಜ್ಞಾನ ಪ್ರತ್ಯಕ್ಷ, ಪರಿಮಳದ ಮಟ್ಟಿಗೆ ಪರೋಕ್ಷ ಎಂದು ಅವನು ಬಗೆಯುತ್ತಾನೆ. ಪರದೆಯ ವಿಷಯದಲ್ಲಿ ಈ ವಿಭಜನೆಯೇ ಹೆಚ್ಚು ಪ್ರಾಮಾಣಿಕವಾದದ್ದೆಂದು ತೋರುತ್ತದೆ. ಆದರೂ ಎರಡು ಪಕ್ಷಗಳಿಗೂ ಸಮ್ಮತವಾದ ಒಂದಂಶ ಇಲ್ಲಿ ಮುಖ್ಯವಾದದ್ದು: ಗಂಧವನ್ನು ಎಂದೂ ಮೂಸದವನಿಗೆ ಆ ಕೊರಡು ಬರಿಯ ಮರದ ತುಂಡು.

ಒಡುಂಡೊ ಅವರ ಪಾತ್ರೆಗಳಲ್ಲಿ ಇದನ್ನು ಹತ್ತಿರದಿಂದ ಪರೀಕ್ಷಿಸಬಹುದು. 1950ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಅವರು 1974ರಲ್ಲಿ ನೈಜೀರಿಯಾದ ಅಬುಜಕ್ಕೆ ಹೋಗಿ, ಲಾಡಿ ಕ್ವಾಲಿ ಎಂಬ ಹಿರಿಯ ಕುಂಬಾರ್ತಿ ದುಡಿಯುತ್ತಿದ್ದ ಕೇಂದ್ರದಲ್ಲಿ ಕೈಯಿಂದಲೇ ಮಡಕೆ ಕಟ್ಟುವ ವಿಧಾನವನ್ನು ಕಲಿತರು. ಅವರು ತಿಗರಿಯನ್ನು ಬಳಸದೆ, ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಏರಿಸಿ, ನಯವಾದ ಮಣ್ಣಿನ ತಿಳಿಯನ್ನು ಬಳಿದು, ಉಜ್ಜಿ ಉಜ್ಜಿ ಮಿರುಗು ತರುತ್ತಾರೆ. ಗಾಜಿನಂಥ ಗ್ಲೇಜನ್ನು ಹಚ್ಚುವುದಿಲ್ಲ. ಗಾಳಿಯಾಡುವ ಆವಿಗೆಯಲ್ಲಿ ಬೆಂದಾಗ ಆ ಪಾತ್ರೆ ಕೆಂಪು ಕಿತ್ತಳೆಯಾಗುತ್ತದೆ, ಗಾಳಿಯನ್ನು ತಡೆದು ಹೊಗೆಯಲ್ಲಿ ಮತ್ತೆ ಸುಟ್ಟಾಗ ಕಪ್ಪಾಗುತ್ತದೆ. ಹಸಿ ಮಡಕೆ ಆವಿಗೆಯಲ್ಲಿ ಬಣ್ಣ ಬದಲಿಸುವುದು ನ್ಯಾಯ ಮತ್ತು ವೈಶೇಷಿಕ ದರ್ಶನಗಳ ನಡುವೆ ದೊಡ್ಡ ವಾದಕ್ಕೇ ಕಾರಣವಾಗಿತ್ತು. ಬೆಂಕಿ ತಗುಲಿದೊಡನೆ ಘಟವು ಪರಮಾಣುಗಳವರೆಗೆ ಒಡೆದು, ಪರಮಾಣುಗಳೇ ಬೆಂದು, ಮತ್ತೆ ಕೂಡಿ ಹೊಸ ಘಟವಾಗುತ್ತದೆ ಎಂಬುದು ವೈಶೇಷಿಕರ ಪೀಲುಪಾಕವಾದ. ಘಟವು ಒಡೆಯದೆ ಇಡಿಯಾಗಿಯೇ ಬೇಯುತ್ತದೆ ಎಂಬುದು ನೈಯಾಯಿಕರ ಪಿಠರಪಾಕವಾದ. ವಾದದಲ್ಲಿ ಯಾರು ಗೆದ್ದರೆಂಬುದಕ್ಕಿಂತ, ಬೆಂಕಿಯೊಳಗೆ ಮಣ್ಣಿಗೆ ಏನಾಗುತ್ತದೆ ಎಂಬುದನ್ನು ಅವರು ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದೇ ಇಲ್ಲಿ ಆದರಣೀಯ. ಒಡುಂಡೊ ಅವರ ಕಪ್ಪು ಪಾತ್ರೆಯ ಹೊಟ್ಟೆಯ ಮೇಲೆ ಮೋಡದಂತೆ ಹರಡಿದ ಕಿತ್ತಳೆ ಬಣ್ಣವನ್ನು ಪರದೆಯಲ್ಲಿ ನೋಡುವಾಗ, ಆವಿಗೆಯ ಮುಂದೆ ನಿಂತವರು ಹೊಗೆ ತಾಕದ ಜಾಗವನ್ನು ಅಲ್ಲಿ ಕಾಣುತ್ತಾರೆ, ನಿಲ್ಲದವರು ಬಳಿದ ಬಣ್ಣವನ್ನು ಕಾಣುತ್ತಾರೆ. ಚಿತ್ರ ಒಂದೇ, ಅರಿವು ಎರಡು.

ಅಳತೆಯೂ ಚಿತ್ರದಲ್ಲಿ ಕೈಕೊಡುತ್ತದೆ. ಬೂದುಬಣ್ಣದ ಹಿನ್ನೆಲೆಯ ಮುಂದೆ ಒಂಟಿಯಾಗಿ ನಿಂತ ಪಾತ್ರೆ ಅಂಗೈಯಷ್ಟೋ ಆಳೆತ್ತರವೋ ಎಂಬುದು ಕಣ್ಣಳತೆಗೆ ಸಿಗುವುದಿಲ್ಲ. ನಾದವಂತೂ ಪೂರ್ತಿಯಾಗಿ ಹೊರಗುಳಿಯುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನ ಗೆಣ್ಣಿನಿಂದ ಬಾರಿಸಿ, ದನಿ ತುಂಬಿ ಬಂದರೆ ಕೊಂಡು, ಒಡಕು ದನಿ ಬಂದರೆ ಇಟ್ಟುಬಿಡುವುದು ಇಂದಿಗೂ ಇದೆ. ಹರಿಹರನ ರಗಳೆಯ ಕುಂಬಾರ ಗುಂಡಯ್ಯನು ಮಡಕೆ ಬಾರಿಸಿದ ನಾದಕ್ಕೆ ಶಿವನೇ ಬಂದು ಕುಣಿದನೆಂದಿರುವುದರಿಂದ, ಆ ಭಕ್ತಿಯಲ್ಲಿ ದೇವರನ್ನು ಕರೆತಂದದ್ದು ಮಡಕೆಯ ರೂಪವಲ್ಲ, ಬೆಂದ ಮಣ್ಣಿನ ದನಿ ಎಂಬುದನ್ನು ಗಮನಿಸಬೇಕು.

ಇನ್ನು ಗುರುತ್ವ, ಎಂದರೆ ಭಾರ. ವೈಶೇಷಿಕ ಸೂತ್ರಗಳನ್ನು ವಿವರಿಸಿದ ಪ್ರಶಸ್ತಪಾದನು ಇದನ್ನು ಅತೀಂದ್ರಿಯ ಗುಣವೆಂದು, ವಸ್ತು ಕೆಳಗೆ ಬೀಳುವುದರಿಂದ ಊಹಿಸಿ ತಿಳಿಯಬೇಕಾದದ್ದೆಂದು ಹೇಳಿದ್ದಾನೆ. ಪರದೆಯಲ್ಲಿ ಎಷ್ಟೋ ಸಲ ಕಂಡ ಬಟ್ಟಲನ್ನು ಕೊನೆಗೊಮ್ಮೆ ಎದುರಿಗೆ ಕಂಡು ಎತ್ತುವವರ ಕೈಯಲ್ಲಿ ಭಾರವು ಕಣ್ಣಿಗೆ ಎಟುಕದೆಂಬುದು ಬಯಲಾಗುತ್ತದೆ: ಕಣ್ಣು ಹಾಕಿಕೊಂಡಿದ್ದ ಅಂದಾಜಿನಂತೆ ಮಣಿಕಟ್ಟು ಬಿಗಿದುಕೊಂಡಿರುತ್ತದೆ, ಬಟ್ಟಲು ಅದಕ್ಕಿಂತ ಹಗುರವಾಗಿದ್ದು ಬೇಕಾದದ್ದಕ್ಕಿಂತ ಒಂದು ಬೆರಳಷ್ಟು ಮೇಲಕ್ಕೆ ಎದ್ದುಬಿಡುತ್ತದೆ.